ಒದೆಯದ ಹಸು

“ಕುಡಿಯದ ಕುಡುಕರ ಸಭೆ ತಾನೇ?” ಸೈಕಲ್ ರಿಪೇರಿಯವನು ಚಕ್ರ ತಿರುಗಿಸುತ್ತಲೇ ಕೇಳಿದ. “ಬೋರ್ಡು ಗೀರ್ಡು ಏನೂ ಇರಲ್ಲ ಅಕ್ಕಾ. ಮರದ ಮಂಡಿ ಹಿಂದೆ ಹೋಗು, ಕಬ್ಬಿಣದ ಮೆಟ್ಟಿಲಿದೆ. ಮೇಲೆ ಗಂಡಸರು ಕೂತು ಅಳ್ತಿದ್ರೆ ಅದೇ ಜಾಗ. ಯಾರನ್ನ ಬಿಡಿಸೋಕೆ ಹೊರಟೆ?”

“ಬಿಟ್ಟಿರೋನನ್ನ ಹಿಡಿಯೋಕೆ,” ಎಂದಳು ಹಾಲಿನಾಕೆ.

ಅವಳು ಕೇಳಿಕೊಂಡು ಬಂದ ಮೂರನೆಯ ಬೀದಿ ಅದು. ಹೊತ್ತಿಗೆ ಮೊದಲೇ ಹಾಲು ಕರೆದು, ಕ್ಯಾನು ತೊಳೆದು ಬೋರಲು ಹಾಕಿ, ಒಗೆದ ಬಟ್ಟೆ ಉಟ್ಟು ಹೊರಟಿದ್ದಳು. ಗಂಡನಿಗೆ ಸುಳಿವು ಕೊಟ್ಟಿರಲಿಲ್ಲ.

ಗಂಡ ಬಡಗಿ. ಊರು ಅವನನ್ನು ಮಾತಿನಮಲ್ಲ ಎನ್ನುತ್ತಿತ್ತು. ಎಂಥ ಒರಟು ಸಂಗತಿಯನ್ನೂ ಉಜ್ಜುಗೊರಡು ಹಾಕಿದಂತೆ ನುಣ್ಣಗೆ ಮಾಡಿಬಿಡುತ್ತಿದ್ದ. ಮದುವೆಯಾದಾಗಿನಿಂದ ಅವಳು ಒಂದು ಮಾತನ್ನಾದರೂ ಕೊನೆ ಮುಟ್ಟಿಸಿದ್ದಿಲ್ಲ. “ಇವಳು ಹೇಳೋದೇನಂದ್ರೆ” ಎಂದು ನಡುವೆ ನುಗ್ಗಿ ಅವನೇ ಮುಗಿಸುತ್ತಿದ್ದ. ಕುಡಿತ ಬಿಟ್ಟು ವರ್ಷ ಕಳೆದಿತ್ತು, ನಿಜ. ಅದನ್ನು ಅವಳೂ ಅಲ್ಲಗಳೆಯುತ್ತಿರಲಿಲ್ಲ.

ಕಿಡಿ ಹೊತ್ತಿಸಿದವಳು ಅವನ ಜೊತೆ ಸಭೆಗೆ ಹೋಗುತ್ತಿದ್ದ ವೆಲ್ಡರೊಬ್ಬನ ಹೆಂಡತಿ. ಹಾಲಿಗೆ ಬಂದವಳು ದನಿ ತಗ್ಗಿಸಿ, “ಅಲ್ಲಿ ಆಡಿದ್ದು ಅಲ್ಲೇ ಇರಬೇಕಂತೆ. ಅದಕ್ಕೇ ನಿನಗೊಬ್ಬಳಿಗೇ ಹೇಳ್ತಿದೀನಿ. ‘ಎಷ್ಟೇ ಕುಡಿದ್ರೂ ಹೆಂಡ್ತಿ ಮೇಲೆ ಕೈ ಎತ್ತಿದವನಲ್ಲ ನಾನು’ ಅಂದ್ರಂತೆ ನಿಮ್ಮೋರು. ನಮ್ಮೋರು ಗೊಳೋ ಅಂತ ಅತ್ತುಬಿಟ್ರಂತೆ. ಪುಣ್ಯವಂತೆ ಕಣೇ ನೀನು” ಎಂದಿದ್ದಳು.

ಹಾಲಿನಾಕೆ ತನ್ನ ಎಡಗೈ ನೋಡಿಕೊಂಡಳು. ಹೆಬ್ಬೆರಳು ಮಡಚುತ್ತಿರಲಿಲ್ಲ. ಊಟ ತಡವಾಯಿತೆಂದು ಅವನು ಉಳಿ ಬಡಿಯುವ ಕೊಡತಿ ಬೀಸಿದಾಗ ಎಲುಬು ಪುಡಿಯಾಗಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನ ಬಾಯಲ್ಲಿ ಕಥೆ ಸಿದ್ಧವಾಗಿತ್ತು: ಕರೆಯುವಾಗ ಹಸು ಒದ್ದಿತು. ನೋವಿನಲ್ಲಿ ಅವಳೂ ಹೂಂ ಎಂದುಬಿಟ್ಟಳು. ಒದೆಯುವ ಹಸು ಮನೆಗಾಗದೆಂದು ಅವನೇ ಅದರ ಹಗ್ಗ ಬಿಚ್ಚಿ ಯಾರಿಗೋ ಸಾಗಹಾಕಿದ. ಕೆಚ್ಚಲು ಬಾತು ಕೆಂಡವಾಗಿದ್ದಾಗಲೂ ಕಾಲೆತ್ತದ ಹಸು ಅದು.

“ನಾನೂ ಹೋಗಬಹುದಾ ಅಲ್ಲಿಗೆ?” ಎಂದು ವೆಲ್ಡರನ ಹೆಂಡತಿಯನ್ನು ಕೇಳಿದ್ದಳು.

“ತಿಂಗಳಿಗೊಂದ್ಸಲ ಮನೆಯವರನ್ನೂ ಬಿಡ್ತಾರೆ. ಆದ್ರೆ ಒಬ್ಬರು ಮಾತಾಡೋವಾಗ ಇನ್ನೊಬ್ಬರು ತುಟಿ ಪಿಟಕ್ ಅನ್ನೋ ಹಾಗಿಲ್ಲ.”

ಆ ಕೊನೆಯ ಮಾತನ್ನು ಹಾಲಿನಾಕೆ ಅಂದಿನಿಂದ ಮೆಲುಕು ಹಾಕುತ್ತ ಬಂದಿದ್ದಳು.

ಮೆಟ್ಟಿಲು ಹತ್ತಿದಾಗ ಕೊಯ್ದ ಮರದ ವಾಸನೆ ಕೆಳಗಿನಿಂದ ಏರಿ ಬರುತ್ತಿತ್ತು. ತಗಡಿನ ಸೂರಿನ ಕೆಳಗೆ ಹತ್ತಾರು ಜನ ಕುರ್ಚಿಗಳಲ್ಲಿ ದುಂಡಗೆ ಕೂತಿದ್ದರು. ಅವಳನ್ನು ಕಂಡು ಗಂಡ ಒಂದು ಗಳಿಗೆ ಪೆಚ್ಚಾದ. ಮರುಗಳಿಗೆಗೆ ಮುಖವರಳಿಸಿ ಎದ್ದ. “ನಾನು ಹೇಳ್ತಿದ್ನಲ್ಲ, ಇವಳೇ ಆ ಮಹಾತಾಯಿ!” ಇಬ್ಬರು ಎದ್ದು ಕೈಮುಗಿದರು. ವೆಲ್ಡರ್ ಮಾತ್ರ ತನ್ನ ಹೆಂಡತಿಯ ಸಡಿಲ ಬಾಯಿಯನ್ನು ನೆನೆದವನಂತೆ ನೆಲ ನೋಡಿದ.

ಸಭೆ ನಡೆಸುತ್ತಿದ್ದವನು ಹಳೆಯ ಅಂಚೆಯವನು. “ಮಾತಾಡ್ತೀಯಾ ತಾಯಿ?”

“ಅವಳಿಗೆ ನಾಚಿಕೆ ಸ್ವಾಮಿ. ಅವಳ ಪರವಾಗಿ ನಾನೇ...”

“ಪರವಾಗಿ ಅನ್ನೋದು ಇಲ್ಲಿಲ್ಲ. ಕೂತ್ಕೊಳಿ.”

ಅವಳು ನಿಂತಲ್ಲಿಂದಲೇ ಎಡಗೈ ಮುಂದೆ ಚಾಚಿದಳು. “ಇದು ಹಸು ಒದ್ದಿದ್ದಲ್ಲ.”

“ಏಯ್, ಅದು ಏನಾಯ್ತು ಅಂದ್ರೆ...”

ಅಂಚೆಯವನ ಅಂಗೈ ಮೇಲೆದ್ದಿತು. “ನಿಮ್ಮ ಸರದಿ ಆಮೇಲೆ.”

ಅವಳು ಅವಸರ ಮಾಡಲಿಲ್ಲ. ಕೊಡತಿಯ ಹಿಡಿ ಯಾವ ಮರದ್ದು, ಅಂದು ತಟ್ಟೆಯಲ್ಲಿ ಏನು ತಣ್ಣಗಾಗಿತ್ತು, ಡಾಕ್ಟರ ಮುಂದೆ ಅವನು ಹಸುವನ್ನು ಹೇಗೆ ಬೈದ, ಕೆಚ್ಚಲಿನ ಕೊನೆಯ ಹನಿ ಇಳಿಸುವಂತೆ ಒಂದೊಂದಾಗಿ ಇಳಿಸಿದಳು. ನಡುವೆ ಬೇಕೆಂದೇ ನಿಲ್ಲಿಸಿದಳು. ಗಂಡನ ಬಾಯಿ ತೆರೆಯಿತು, ಅಂಚೆಯವನ ಕೈ ನೋಡಿ ಮುಚ್ಚಿತು. ಅದು ರುಚಿಸಿತು. ಇನ್ನೊಮ್ಮೆ ನಿಲ್ಲಿಸಿದಳು.

“ನೀನು ಕುಡಿದು ಹೊಡೆದೆ,” ಎಂದಳು. ಮನೆಯಲ್ಲಿ ಎಂದೂ ಬಾರದ ಏಕವಚನ ತಾನಾಗಿ ಬಂತು. “ಕುಡಿತಾನೇ ಹೊಡೆಸ್ತು ಅಂದ್ಕೊಂಡು ನುಂಗಿದ್ದೆ. ಈಗ ಒಂದು ತೊಟ್ಟೂ ಕುಡೀದೆ ಇಷ್ಟು ಜನರ ಮುಂದೆ ಸುಳ್ಳು ಹೇಳಿದ್ಯಲ್ಲ, ಇದನ್ನ ಯಾವ ಬಾಟ್ಲಿ ತಲೆಗೆ ಕಟ್ತೀಯ? ನೀನು ಕುಡಿತ ಬಿಟ್ಟೆ ಅಂತ ನಾನು ನಿನ್ನ ಸುಮ್ನೆ ಬಿಟ್ಟೆ ಅಂದ್ಕೋಬೇಡ.”

ಕೂತಳು.

ಮಾತಾಡಿದವರಿಗೆ ಎಲ್ಲರೂ ಒಟ್ಟಾಗಿ ಥ್ಯಾಂಕ್ಸ್ ಹೇಳುವುದು ಅಲ್ಲಿನ ಪದ್ಧತಿ. ಹೇಳಿದರು. ಅಂಚೆಯವನು ದುಂಡಗೆ ಒಮ್ಮೆ ಕಣ್ಣಾಡಿಸಿದ. “ಒಂದು ದನಿ ಕಮ್ಮಿ ಬಂತು.”

ಗಂಡ ಗೊಣಗಿದ.

“ನನಗೆ ಕೇಳಿಸ್ಲಿಲ್ಲ,” ಎಂದಳು ಅವಳು.

“ಥ್ಯಾಂಕ್ಸ್.” ಈ ಸಲ ಗಟ್ಟಿಯಾಗಿಯೇ ಬಂತು.

“ಈಗ ನಿಮ್ಮ ಸರದಿ,” ಎಂದ ಅಂಚೆಯವನು.

ಮಾತಿನಮಲ್ಲ ಎದ್ದು ನಿಂತ. “ನಾನು...” ಎಂದ. “ಇವಳು ಹೇಳಿದ್ದೇನಂದ್ರೆ...” ಎಂದು ನಿಂತುಬಿಟ್ಟ. ನೆರವಿಗೆ ಬಾಯಿ ಹಾಕುವಂತಿಲ್ಲ, ಯಾರೂ ಹಾಕಲಿಲ್ಲ. ಕೆಳಗೆ ಗರಗಸದ ಯಂತ್ರ ಒಂದು ದಿಮ್ಮಿಯನ್ನು ಪೂರ್ತಿ ಸೀಳಿ ಮುಗಿಸಿತು. ಹಾಲಿನಾಕೆ ಕುರ್ಚಿಗೆ ಬೆನ್ನು ಆನಿಸಿ, ಕಣ್ಣು ಕೀಳದೆ ಅವನನ್ನೇ ನೋಡುತ್ತ ಕಾದಳು.

ಅವನು ಮೆಲ್ಲಗೆ ಕೂತ. ತನ್ನೆರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟು ನೋಡಿದ, ಬೆನ್ನ ಹಿಂದೆ ಒಯ್ದ. ಕೊನೆಗೆ ತೊಡೆಯ ಅಡಿಗೆ ತೂರಿಸಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತ.