ತಪ್ಪು ಮಾಡಬೇಕಾದ ಹುಡುಗಿ

ಪವಿತ್ರಳ ಪಾಠಯೋಜನೆ ಪುಸ್ತಕ ನೋಡಿದವರಿಗೆ ಇದು ಖೋ ಖೋ ಪಾಠವೋ ಮದುವೆಯ ಏರ್ಪಾಡೋ ಎಂದು ಅನುಮಾನ ಬರಬೇಕು. ಹಾಜರಿಗೆ ಎರಡು ನಿಮಿಷ, ಮೈ ಬಿಸಿ ಮಾಡಲು ಆರು, ತೋರಿಸಿಕೊಡಲು ಐದು, ಹೀಗೆ ನಲವತ್ತು ನಿಮಿಷವನ್ನೂ ಸ್ಕೇಲಿನಲ್ಲಿ ಗೆರೆ ಎಳೆದು ಹಂಚಿದ್ದಳು. ಅವಳು ಕೋಲಾರದ ಕಾಲೇಜೊಂದರಲ್ಲಿ ಪಿ.ಟಿ. ಟೀಚರಾಗಲು ಓದುತ್ತಿದ್ದಳು. ಅಲ್ಲಿನ ಕೊನೆಯ ಪರೀಕ್ಷೆ ಎಂದರೆ ಹಳ್ಳಿಯ ಶಾಲೆಯ ಮಕ್ಕಳಿಗೆ ಒಂದು ಪಾಠ, ಪಕ್ಕದಲ್ಲಿ ಪೆನ್ನು ಹಿಡಿದ ಪರೀಕ್ಷಕರು.

ಹೋದ ವರ್ಷ ಅದರಲ್ಲೇ ಫೇಲಾಗಿದ್ದಳು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಮಕ್ಕಳನ್ನು ಎಷ್ಟು ಚೆನ್ನಾಗಿ ತಯಾರು ಮಾಡಿದ್ದಳೆಂದರೆ ಒಬ್ಬರೂ ತಪ್ಪು ಮಾಡಲಿಲ್ಲ. ‘ತಪ್ಪು ತಿದ್ದುವಿಕೆ’ ಎಂಬ ಕಾಲಮ್ಮಿಗೆ ಹದಿನೈದು ಅಂಕ ಇತ್ತು. ತಿದ್ದಲು ಏನೂ ಇಲ್ಲದೆ ಅಲ್ಲಿ ಸೊನ್ನೆ ಬಿತ್ತು, ಮೂರೇ ಅಂಕದಲ್ಲಿ ವರ್ಷ ಹೋಯಿತು. ಮತ್ತೆ ಫೇಲಾದರೆ ಓದು ಸಾಕು ಎಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

ಅದಕ್ಕೇ ಈ ಸಲ ತಪ್ಪನ್ನೂ ಯೋಜನೆಗೆ ಸೇರಿಸಿಕೊಂಡಳು. ಸೀನಿಯರುಗಳೆಲ್ಲ ಮಾಡುತ್ತಿದ್ದ ಉಪಾಯವೇ ಅದು. ಈ ಸಲದ ಪರೀಕ್ಷೆಗೆ ಸಿಕ್ಕಿದ್ದ, ತಾಯಲೂರಿನ ಆಚೆಯ ಶಾಲೆಯಲ್ಲಿ ಮೊದಲ ದಿನವೇ ಎಂಟನೇ ಕ್ಲಾಸಿನ ಅರ್ಪಿತ ಓಡಿಬಂದವಳು, ಕೂತ ಹುಡುಗಿಯ ಬೆನ್ನು ಮುಟ್ಟುವ ಮೊದಲೇ ‘ಖೋ’ ಎಂದು ಕೂಗಿಬಿಟ್ಟಳು. ಮುಟ್ಟುವುದೂ ಕೂಗುವುದೂ ಒಟ್ಟಿಗೇ ಆಗಬೇಕು. ಪವಿತ್ರಳಿಗೆ ಹುಡುಕುತ್ತಿದ್ದದ್ದು ಕಾಲಿಗೇ ತೊಡರಿದಂತಾಯಿತು.

“ಪರೀಕ್ಷೆ ದಿನಾನೂ ನೀನು ಹಿಂಗೇ ಮಾಡ್ಬೇಕು. ಆಮೇಲೆ ನಾನು ತಿದ್ತೀನಿ. ನಿನ್ನೇ ಆರಿಸಿದೀನಿ ಕಣೇ,” ಎಂದಳು.

ಹದಿನೈದು ದಿನ ದಿನಾ ಅದೇ ತಾಲೀಮು. ಅರ್ಪಿತ ತಪ್ಪು ಮಾಡುವಳು, ಪವಿತ್ರ ಸೀಟಿ ಊದಿ, “ಬಾಯಿ ಮುಂದೆ ಹೋಯ್ತು, ಕೈ ಹಿಂದೆ ಉಳೀತು,” ಎನ್ನುವಳು, ಉಳಿದವರು ಕಿಸಕ್ಕನೆ ನಗುವರು. ‘ತಪ್ಪು ಅರ್ಪಿತ’ ಎಂದು ಅಡ್ಡಹೆಸರೂ ಬಿತ್ತು. ನಿಜ ಹೇಳಬೇಕೆಂದರೆ ಹುಡುಗಿ ನಾಲ್ಕನೇ ದಿನಕ್ಕೇ ಸರಿಯಾಗಿ ಕಲಿತಿದ್ದಳು. ಬಿಡುವಿನಲ್ಲಿ ಆಡುವಾಗ ಅವಳಷ್ಟು ಚೊಕ್ಕಟವಾಗಿ ಖೋ ಕೊಡುವವರೇ ಇರಲಿಲ್ಲ. ತಾಲೀಮಿನಲ್ಲಿ ಮಾತ್ರ ಕೊಟ್ಟ ಮಾತಿನಂತೆ ತಪ್ಪು ಮಾಡುತ್ತಿದ್ದಳು. ಪವಿತ್ರ ಅದನ್ನು ನೋಡಿಯೂ ಸುಮ್ಮನಾದಳು. ಅಂಕದ ಆಸೆ ಅಷ್ಟು ಕೆಟ್ಟದ್ದು.

ಪರೀಕ್ಷೆಯ ಬೆಳಿಗ್ಗೆ ಒಬ್ಬ ಮುದುಕಿ ತಲೆಯ ಮೇಲೆ ಖಾಲಿ ಟೊಮೇಟೊ ಕ್ರೇಟು ಹೊತ್ತುಕೊಂಡು ಬಂದು, ಮೈದಾನದ ಅಂಚಿನಲ್ಲಿ ಅದನ್ನು ಬೋರಲು ಹಾಕಿ ಕೂತಳು. ಅರ್ಪಿತಳ ಅಜ್ಜಿ ದೊಡ್ಡವೆಂಕಟಮ್ಮ.

“ಏಮ್ಮಾ ಮಿಸ್ಸೂ, ಇಷ್ಟು ಮಕ್ಕಳಲ್ಲಿ ನಮ್ ಪಾಪನ್ನೇ ಆರಿಸಿದೀಯಂತಲ್ಲ? ಹದಿನೈದು ದಿನದಿಂದ ಮನೇಲಿ ಅದೇ ಮಾತು. ಸೊಪ್ಪು ಕುಯ್ಯೋದು ಬಿಟ್ಟು ನೋಡೋಕೆ ಬಂದೆ. ಏನಕ್ಕೆ ಆರಿಸಿದ್ದು ಅಂದ್ರೆ ಮಾತ್ರ ಬಾಯೇ ಬಿಡಲ್ಲ.”

ಪವಿತ್ರ ಪಾಠಯೋಜನೆ ಪುಸ್ತಕ ತೆರೆದು ಗೆರೆಗಳನ್ನು ನೋಡತೊಡಗಿದಳು. ಅಷ್ಟರಲ್ಲಿ ಪರೀಕ್ಷಕರಾದ ಅಮರನಾಥ್ ಬಂದರು.

ಹಾಜರಿ, ಓಟ, ಪ್ರದರ್ಶನ ಎಲ್ಲ ಗೆರೆ ಎಳೆದಂತೆ ಮುಗಿಯಿತು. ಅಭ್ಯಾಸದಲ್ಲಿ ಅರ್ಪಿತಳ ಸರದಿ ಬಂತು. ಓಡುವ ಮೊದಲು ಹುಡುಗಿ ಒಮ್ಮೆ ಅಜ್ಜಿಯ ಕಡೆ ನೋಡಿದಳು, ಆಮೇಲೆ ಪವಿತ್ರಳ ಕಡೆ. ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಮಿಸ್ ಹೇಳಿದರೆ ತಪ್ಪು ಮಾಡಿಯೇ ತೀರುತ್ತಾಳೆ, ಅದು ಪವಿತ್ರಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹತ್ತಿರ ಹೋಗಿ, “ಸರಿಯಾಗೇ ಮಾಡು,” ಎಂದು ಪಿಸುಗುಟ್ಟಿದಳು.

ಅರ್ಪಿತ ಓಡಿದಳು. ಅಂಗೈ ಬೆನ್ನಿಗೆ ತಾಗುವುದೂ ‘ಖೋ’ ಎನ್ನುವುದೂ ಒಂದೇ ಸಲಕ್ಕೆ ಕೇಳಿಸಿತು. ನಗಲು ಬಾಯಿ ತೆರೆದಿದ್ದ ಮಕ್ಕಳು ಹಾಗೇ ಕೂತರು. ಅಜ್ಜಿ ಕ್ರೇಟಿನ ಮೇಲಿಂದಲೇ ಚಪ್ಪಾಳೆ ತಟ್ಟಿದಳು.

ಉಳಿದವರೂ ಸರಿಯಾಗಿಯೇ ಮಾಡಿದರು. ಪೆನ್ನು ಹಿಡಿದು ಕಾಯುತ್ತಿದ್ದ ಅಮರನಾಥ್ ಗಡಿಯಾರ ನೋಡಿಕೊಂಡರು. ಪವಿತ್ರಳಿಗೆ ಹೋದ ವರ್ಷದ ಸೊನ್ನೆ ಕಣ್ಣಿಗೆ ಕಟ್ಟಿತು. ಆಗ ಅವಳು ತಾನೇ ಓಡಿದಳು. ಸಾಲಿನ ಕೊನೆಯ ಹುಡುಗಿ ಇನ್ನೂ ಎರಡು ಹೆಜ್ಜೆ ದೂರ ಇರುವಾಗಲೇ ‘ಖೋ’ ಎಂದು ಕೂಗಿ, ಆಮೇಲೆ ಮುಟ್ಟಿದಳು.

“ನಾನು ಮಾಡಿದ್ರಲ್ಲಿ ತಪ್ಪೇನು, ಹೇಳಿ?”

ಮಿಸ್ಸಿನ ತಪ್ಪು ಹೇಳುವ ಧೈರ್ಯ ಯಾರಿಗಿದೆ? ಮಕ್ಕಳೆಲ್ಲ ನೆಲ ನೋಡಿದರು. ಕೊನೆಗೆ ಅರ್ಪಿತ ಕೈ ಎತ್ತಿದಳು.

“ಬಾಯಿ ಮುಂದೆ ಹೋಯ್ತು ಮಿಸ್, ಕೈ ಹಿಂದೆ ಉಳೀತು.” ಅಷ್ಟಕ್ಕೇ ನಿಲ್ಲಿಸಲಿಲ್ಲ. “ಮುಟ್ಟೋಕೆ ಆಗುತ್ತೋ ಇಲ್ವೋ ಅಂತ ಭಯ ಆದಾಗ ಹಂಗೆ ಬಾಯಿ ಮುಂದೆ ಹೋಗುತ್ತೆ. ಇನ್ನೊಂದು ಹೆಜ್ಜೆ ಓಡಿ ಮಿಸ್, ಸರಿ ಹೋಗುತ್ತೆ.”

ಈ ಭಯದ ಮಾತು ಪವಿತ್ರಳ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಅವಳು ಮತ್ತೆ ಓಡಿದಳು, ಇನ್ನೊಂದು ಹೆಜ್ಜೆ ಹಾಕಿ ಮುಟ್ಟಿದಳು, ಸರಿಯಾಯಿತು.

ಪಾಠ ಮುಗಿದ ಮೇಲೆ ಅಮರನಾಥ್ ಕೇಳಿದರು. “ಬೇಕಂತ್ಲೇ ತಪ್ಪು ಮಾಡಿದ್ರಾ?”

“ಹೌದು ಸಾರ್. ಹದಿನೈದು ದಿನ ಆ ಹುಡುಗಿ ಕೈಲಿ ಮಾಡಿಸ್ತಿದ್ದೆ. ಇವತ್ತು ನಾನೇ ಮಾಡ್ದೆ.”

“ನಾನೂ ಈ ಪರೀಕ್ಷೆ ದಾಟಿ ಬಂದೋನೇ ಕಣಮ್ಮ,” ಎಂದರು ಅವರು. ತಪ್ಪಾಗಿ ತೋರಿಸಿಕೊಟ್ಟಿದ್ದಕ್ಕೆ ಪ್ರದರ್ಶನದಲ್ಲಿ ನಾಲ್ಕು ಅಂಕ ಕಡಿದು, ತಿದ್ದುವಿಕೆಗೆ ಹನ್ನೆರಡು ಹಾಕಿದರು. ಪಾಸಾಗಲು ಅಷ್ಟು ಸಾಕಿತ್ತು.

ದೊಡ್ಡವೆಂಕಟಮ್ಮ ಕ್ರೇಟು ಎತ್ತಿಕೊಂಡು ಹತ್ತಿರ ಬಂದಳು. ಪಕ್ಕದಲ್ಲಿ ಅರ್ಪಿತ ತಲೆ ತಗ್ಗಿಸಿ ನಿಂತಿದ್ದಳು.

“ಈಗ ತಿಳೀತು ಬಿಡಮ್ಮಾ. ನೀನು ತಪ್ಪಿದ್ರೆ ತಿದ್ದೋಕೆ ಒಬ್ರು ಬೇಕಲ್ಲ, ಅದಕ್ಕೇ ಅಲ್ವಾ ನಮ್ ಪಾಪನ್ನ ಆರಿಸಿದ್ದು?”

ಅರ್ಪಿತ ಮೆಲ್ಲಗೆ ತಲೆ ಎತ್ತಿ ಮಿಸ್ಸಿನ ಮುಖ ನೋಡಿದಳು.

“ಹೌದಮ್ಮ, ಅದಕ್ಕೇ,” ಎಂದಳು ಪವಿತ್ರ.