ಮೊಸರಿನ ಗಡಿಗೆಯ ವೇಗಮಿತಿ

ರಸ್ತೆಬದಿಯ ಫಲಕದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ವೇಗ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದು ನನ್ನ ನೇಮ. ಜನ ಇದನ್ನು ಹುಚ್ಚು ಎನ್ನುತ್ತಾರೆ. ಜನರಿಗೇನು ಗೊತ್ತು? ಅಳೆದು ನೋಡದೆ ಸರಕಾರ ಬರೆಯುತ್ತದೆಯೇ?

ಹೆಂಡತಿ ವಿದ್ಯಾವತಿಗೆ ಏಳು ತಿಂಗಳು. ವಿಜಯಪುರದ ನಮ್ಮ ಮನೆಯಲ್ಲಿ ಅವಳ ಕುಬಸ, ಅಂದರೆ ಸೀಮಂತ. ಊಟಕ್ಕೆ ತವರಿನ ಗಡಿಗೆ ಮೊಸರೇ ಬೇಕೆಂದು ಹಟ ಹಿಡಿದಿದ್ದಳು. ಹಾಗಾಗಿ ಬೆಳಿಗ್ಗೆಯೇ ಅವಳ ತವರೂರು ಕನಮಡಿಗೆ ಹೋಗಿ ಅತ್ತೆ ಕಾಳವ್ವನನ್ನೂ, ಅವರ ತೊಡೆಯ ಮೇಲಿನ ಗಡಿಗೆಯನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹೊರಟೆ.

ಊರು ದಾಟಿದ್ದೇ ತಗ್ಗುದಿನ್ನೆಯ ರಸ್ತೆ. ಫಲಕದಲ್ಲಿ ಅರವತ್ತು. ನಾನೂ ಅರವತ್ತಕ್ಕೆ ಒತ್ತಿದೆ.

"ಯಪ್ಪಾ, ಸಾವಕಾಶ್ರಿ! ಮೊಸರು ಕದಡಾಕತ್ತೈತಿ!"

"ಬೋರ್ಡಿನ್ಯಾಗ ಅರವತ್ತ ಐತ್ರಿ, ಅತ್ತಿ."

"ಬೋರ್ಡ್ ಬರದಾಂವ ಗಡಗಿ ತೊಡಿಮ್ಯಾಲ ಇಟ್ಕೊಂಡು ಬರದಾನೇನ್ರಿ?"

ತಿಕೋಟಾ ದಾಟಿದ ಮೇಲೆ ರಸ್ತೆ ಅಂಗೈಯಂತೆ ನುಣುಪು. ಆದರೆ ಹಿಂದೆಂದೋ ಕೆಲಸ ನಡೆದಾಗ ನಿಲ್ಲಿಸಿದ್ದ ಇಪ್ಪತ್ತರ ಫಲಕ ಅಲ್ಲೇ ಉಳಿದಿತ್ತು. ಇಪ್ಪತ್ತಕ್ಕೆ ಇಳಿಸಿದೆ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕುತ್ತ, "ಗಾಡಿ ಕೆಟ್ಟೈತೇನ್ರಿ?" ಎಂದು ಕೇಳಿ ಹೋದ. ಬಿಸಿಲು ಏರಿತು. ಅತ್ತೆ ಸೆರಗಿನಿಂದ ಗಡಿಗೆಗೆ ಗಾಳಿ ಹಾಕುತ್ತಿದ್ದರು.

ಮನೆಯಲ್ಲಿ ಮುಚ್ಚಳ ತೆಗೆದರೆ ಮೊಸರಿಲ್ಲ. ಹುಳಿ ಮಜ್ಜಿಗೆ; ಮೇಲೆ ನಿಂಬೆಗಾತ್ರದ ಬೆಣ್ಣೆ. ಆರತಿಗೆ ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ವಿದ್ಯಾವತಿ ಅತ್ತೇಬಿಟ್ಟಳು. ನನಗೆ ಎಲ್ಲಿಯಾದರೂ ಓಡಿಹೋಗಬೇಕು ಅನ್ನಿಸಿತು, ಯಾವ ವೇಗದಲ್ಲಾದರೂ ಸರಿ.

"ಬಾಣಂತನಕ್ಕ ಮಗಳನ್ನ ನಿಮ್ಮ ಗಾಡ್ಯಾಗ ಕರ್ಕೊಂಡು ಹೋಗಂಗಿಲ್ರಿ," ಅತ್ತೆ ಖಡಾಖಂಡಿತವಾಗಿ ಹೇಳಿದರು. "ಮೊದಲ ಒಂದ ಗಡಗಿ ಮೊಸರು ಹೆಪ್ಪ ಒಡೀದಂಗ ಕನಮಡಿಗೆ ಮುಟ್ಟಸ್ರಿ. ಆಮ್ಯಾಲ ಮಾತು."

ನನ್ನ ಹೆಂಡತಿ ಬಾಡಿಗೆ ಗಾಡಿಯಲ್ಲಿ ಹೋಗುವುದೇ? ಅಂದಿನಿಂದ ಪ್ರತಿ ರಜೆಗೂ ಪಕ್ಕದ ಸೀಟಿನಲ್ಲಿ ಗಡಿಗೆ ಇಟ್ಟುಕೊಂಡು ಕನಮಡಿಗೆ ಹೋದೆ. ತಗ್ಗುದಿನ್ನೆಯಲ್ಲಿ ಹದಿನೈದಕ್ಕೆ ಮೊಸರು ಒಪ್ಪಿತು, ಊರೊಳಗೆ ಮೂವತ್ತಕ್ಕೆ. ಇಪ್ಪತ್ತರ ಫಲಕ ತೆಗೆಯಿರೆಂದು ಲೋಕೋಪಯೋಗಿ ಕಚೇರಿಗೆ ಅರ್ಜಿ ಕೊಟ್ಟೆ. ಸಾಕ್ಷಿಗೆ ಒಂದು ತಂಬಿಗೆ ಹುಳಿ ಮಜ್ಜಿಗೆಯನ್ನೂ ಇಟ್ಟು ಬಂದೆ. ಫಲಕ ಹೋಯಿತು. ತಂಬಿಗೆಯೂ ಹೋಯಿತು. ಐದನೇ ಸಲ ಅತ್ತೆ ಗಡಿಗೆಯೊಳಗೆ ಇಣುಕಿ ನೋಡಿ "ಹೂಂ, ಕರ್ಕೊಂಡು ಬರ್ರಿ" ಎಂದರು.

ತವರಿಗೆ ಹೊರಡುವ ದಿನ ಎದೆಯುಬ್ಬಿಸಿ ನಾನೇ ಕಾರಿನ ಬಾಗಿಲು ತೆರೆದೆ. ವಿದ್ಯಾವತಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ನಿಂತಳು.

"ನಾ ಎಲ್ಲಿ ಕೂಡ್ಲಿರಿ?"

ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಮೊಸರಿನ ಗಡಿಗೆ ಕೂತಿತ್ತು.

"ನೀ ಹಿಂದ ಕೂಡು," ಎಂದೆ. "ಅದಿಲ್ಲದ ನನಗ ಗಾಡಿ ಹೊಡಿಯಾಕ ಬರಂಗಿಲ್ಲ."