ಇಪ್ಪತ್ತನೆಯ ಸಾಲು

ಒಂದು ಹೊಲಿಗೆ ಯಂತ್ರ ಬರೆಯಲು ಪುಟ್ಟಿಗೆ ಹನ್ನೊಂದು ಗೆರೆ ಸಾಕಾಗಿತ್ತು. ಮೇಜಿಗೆ ನಾಲ್ಕು, ಯಂತ್ರಕ್ಕೆ ಮೂರು, ಕುರ್ಚಿಗೆ ನಾಲ್ಕು. ಮೇಲೆ, ಕೂತವಳ ತಲೆ ಅಂತ ಒಂದು ವೃತ್ತ. ಅಷ್ಟಾದ ಮೇಲೆ ಸಾಲುಸಾಲಾಗಿ ನಕಲು ತೆಗೆಯುವ 'ಅರೇ' ಕಮಾಂಡ್ ಒತ್ತಿ, ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು, ನಡುವೆ ಎಷ್ಟು ಅಂತರ ಎಂದು ತಿಳಿಸಿದರೆ ಮಿಕ್ಕಿದ್ದನ್ನೆಲ್ಲ ಕಂಪ್ಯೂಟರೇ ಬರೆದುಕೊಳ್ಳುತ್ತಿತ್ತು.

ಇದನ್ನು ಕಲಿಸಿದವರು ನಕ್ಷೆ ಕಚೇರಿಯ ಯಜಮಾನರು. ಹಿಂದೆ ಎಲ್ಲೋ ಪಾಠ ಹೇಳುತ್ತಿದ್ದರಂತೆ, ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರು. ಒಂದು ಕುರಿ ಬರೆದರೆ ಸಾಕು, ಮಂದೆಯನ್ನು ಅದೇ ಮಾಡಿಕೊಡುತ್ತದೆ ಎಂದು ಮೊದಲ ದಿನ ಹೇಳಿದ್ದರು. ಪುಟ್ಟಿ ನಕ್ಕಿದ್ದಳು. ಅದು ಆರು ವರ್ಷದ ಹಿಂದಿನ ಮಾತು.

ಈಗ ಬರೆಯುತ್ತಿದ್ದುದು ಸಿದ್ಧ ಉಡುಪಿನ ಕಾರ್ಖಾನೆಯ ಹೊಸ ಮಹಡಿ. ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಹತ್ತೊಂಬತ್ತು ಸಾಲು. ಒಟ್ಟು ಇನ್ನೂರ ಇಪ್ಪತ್ತೆಂಟು ಯಂತ್ರ. ಬೆಂಕಿ ಗಿಂಕಿ ಬಿದ್ದರೆ ಓಡಲು ಹಿಂಬದಿಯ ಗೋಡೆಯಲ್ಲೊಂದು ಬಾಗಿಲು. ಅದರ ಮುಂದೆ ನಿಯಮದ ಪ್ರಕಾರ ಒಂದೂಕಾಲು ಮೀಟರ್ ಜಾಗ ಖಾಲಿ ಇರಬೇಕು. ಕಾರ್ಖಾನೆಯವರಿಗೆ ಬೇಕಾಗಿದ್ದುದು ಇನ್ನೂರ ನಲವತ್ತು. ಮೇಷ್ಟ್ರು ಬೆನ್ನ ಹಿಂದೆ ನಿಂತು, ಹತ್ತೊಂಬತ್ತನ್ನು ಇಪ್ಪತ್ತು ಮಾಡು ಅಂದರು. ಮಾಡಿದಳು. ಹನ್ನೆರಡು ಮೇಜು, ಹನ್ನೆರಡು ಕುರ್ಚಿ, ಹನ್ನೆರಡು ತಲೆ ಬಾಗಿಲಿಗೆ ಅಡ್ಡ ಬಂದು ಕೂತವು. ಕುರ್ಚಿಯ ಬೆನ್ನಿಗೂ ಗೋಡೆಗೂ ನಡುವೆ ಉಳಿದದ್ದು ನಲವತ್ತೈದು ಸೆಂಟಿಮೀಟರ್.

ಇದಕ್ಕೂ ಕಚೇರಿಯಲ್ಲಿ ದಾರಿಯಿತ್ತು. ಎರಡು ಫೈಲು. ಹತ್ತೊಂಬತ್ತು ಸಾಲಿನದು ತೋರಿಸುವ ಫೈಲು, ಸುರಕ್ಷತಾ ಅಧಿಕಾರಿಗೆ ಹೋಗುತ್ತದೆ. ಇಪ್ಪತ್ತು ಸಾಲಿನದು ಹಾಕುವ ಫೈಲು, ಬಡಗಿಗೂ ವೈರಿಂಗಿನವನಿಗೂ ಹೋಗುತ್ತದೆ. ಪುಟ್ಟಿ ಗೋದಾಮಿಗೆ ಹೀಗೆ ಮಾಡಿದ್ದಳು, ಹಾಸ್ಟೆಲ್ಲಿಗೆ ಮಾಡಿದ್ದಳು, ಒಂದು ಶಾಲೆಗೂ ಮಾಡಿದ್ದಳು. ಮಾಡಿ ಮನೆಗೆ ಹೋಗಿ ಉಂಡು ಮಲಗಿದ್ದಳು. ಈ ಸಲ ಮಾತ್ರ ಆ ಕುರ್ಚಿಗಳಲ್ಲಿ ಒಂದು ಅವಳ ಅಕ್ಕನದು.

ಅಕ್ಕ ಅದೇ ಕಾರ್ಖಾನೆಯ ಹಳೆಯ ಕಟ್ಟಡದಲ್ಲಿ ಕಾಲರ್ ಹೊಲಿಯುತ್ತಿದ್ದಳು. ಆ ಕಟ್ಟಡ ಮುಚ್ಚುತ್ತಿತ್ತು. ಹೊಸ ಮಹಡಿಯಲ್ಲಿ ಎಷ್ಟು ಯಂತ್ರವೋ ಅಷ್ಟು ಜನಕ್ಕೆ ಕೆಲಸ. ಮಿಕ್ಕವರಿಗೆ ಗೇಟಿನಾಚೆ ದಾರಿ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅಕ್ಕನ ಸಂಖ್ಯೆ ಇನ್ನೂರ ಮೂವತ್ತೊಂದು. ವಯಸ್ಸು ನಲವತ್ತೇಳು, ಕಣ್ಣಿಗೆ ದಪ್ಪ ಕನ್ನಡಕ. ಬೇರೆಲ್ಲೂ ಅವಳನ್ನು ಬಾ ಅನ್ನುವವರಿರಲಿಲ್ಲ.

ಸಂಜೆ ಪುಟ್ಟಿ ಎಲ್ಲವನ್ನೂ ಹೇಳಿದಳು. ಅಕ್ಕ ಪಾತ್ರೆ ಉಜ್ಜುತ್ತಲೇ ಕೇಳಿದಳು.

"ಹತ್ತೊಂಬತ್ತು ಸಾಲಾದ್ರೆ ನಾನೆಲ್ಲಿ?"

"ಹೊರಗೆ."

"ಇಪ್ಪತ್ತಾದ್ರೆ?"

"ಒಳಗೆ."

"ಮತ್ತೇನೇ ನಿನ್ ತಕರಾರು?"

"ಒಳಗೇ ಉಳ್ಕೊಂಡ್ಬಿಟ್ರೆ, ಅಕ್ಕ?"

ಅಕ್ಕ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡಳು. "ನೀನು ಬರೆದು ಕೊಡು. ಕೂತ್ಕೊಳ್ಳೋದು ನನ್ ಪಾಡು. ನನ್ನ ಸೊಂಟ ಮಾತ್ರ ಸಣ್ಣಗೆ ಬರಿ, ಅಲ್ಲಾದ್ರೂ ಸಣ್ಣಗಿರ್ಲಿ."

ಮರುದಿನ ಪುಟ್ಟಿ ಅಧಿಕಾರಿಗೆ ಕಳಿಸಿದ್ದು ಇಪ್ಪತ್ತು ಸಾಲಿನ ಫೈಲು. ಬೆರಳು ತಪ್ಪಲಿಲ್ಲ. ಹೆಸರು ಓದಿ, ಇನ್ನೊಮ್ಮೆ ಓದಿ, ಕಳಿಸಿದಳು. ಬಾಗಿಲಿಗೆ ಅಡ್ಡ ಇರುವುದನ್ನು ಕಂಡು ಅಧಿಕಾರಿ ಒಪ್ಪಿಗೆ ಕೊಡದಿದ್ದರೆ ಒಂದು ಸಾಲು ಹೋಗುತ್ತದೆ, ಸಾಲಿನ ಜೊತೆ ಅಕ್ಕನ ಅನ್ನ ಹೋಗುತ್ತದೆ, ಪ್ರಾಯಶಃ ತನ್ನದೂ. ಇದೆಲ್ಲ ಅವಳಿಗೆ ಗೊತ್ತಿತ್ತು. ಹೆದರಿಕೆಯಾಗಬೇಕಿತ್ತು. ಹಲ್ಲು ಕೀಳುವ ಮೊದಲು ಚುಚ್ಚುಮದ್ದು ಕೊಟ್ಟ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೆ. ಮಧ್ಯಾಹ್ನ ಯಾವುದೋ ಸಭಾಂಗಣದ ಕುರ್ಚಿಗಳನ್ನು ಕಂಬದ ಸುತ್ತ ವೃತ್ತಾಕಾರದಲ್ಲಿ ನಕಲು ಮಾಡಿದಳು. ಮೂವತ್ತಾರು. ಸರಿಯಾಗಿ ಬಂದವು.

ಒಂಬತ್ತು ದಿನ ಕಳೆಯಿತು. ಅಕ್ಕನಿಗೆ ಹೇಳಲಿಲ್ಲ. ಹೊಸ ಕುರ್ಚಿಗಳು ಬರೀ ಪ್ಲಾಸ್ಟಿಕ್ಕಂತೆ ಎಂದು ಅಕ್ಕ ಹಳೆ ಚಾದರ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ದಿಂಬೊಂದನ್ನು ಹೊಲಿಯುತ್ತಿದ್ದಳು. ಪುಟ್ಟಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

ಹತ್ತನೆಯ ದಿನ ನಕ್ಷೆ ವಾಪಸು ಬಂತು. ಪರಿಶೀಲಿಸಲಾಗಿದೆ, ನಿಯಮಾನುಸಾರ ಇದೆ ಎಂಬ ಒಕ್ಕಣೆ, ಹಸಿರು ಶಾಯಿಯ ಸಹಿ. ಮೊಹರು ಬಿದ್ದಿದ್ದುದು ಸರಿಯಾಗಿ ಹಿಂಬದಿಯ ಬಾಗಿಲ ಮೇಲೆ. ಅದರಡಿ ಬಾಗಿಲೂ ಕಾಣುತ್ತಿರಲಿಲ್ಲ, ಕುರ್ಚಿಯೂ ಕಾಣುತ್ತಿರಲಿಲ್ಲ.

ಮೇಷ್ಟ್ರು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಸಾಲು ಎಣಿಸಿದರು. ಆಮೇಲೆ ಪುಟ್ಟಿಯ ಮುಖ ನೋಡಿದರು. ಅವಳು ಮಾಡಿದ್ದೇನೆಂದು ಅವರಿಗೆ ತಿಳಿದುಹೋಯಿತು. ಬೈಯುತ್ತಾರೆಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ನೋಡಿದ್ಯೇನಮ್ಮ, ಇಷ್ಟ್ ವರ್ಷ ಸುಮ್ನೆ ಎರಡೆರಡು ಸಲ ಬರ್ಕೊಂಡು ಸತ್ವಿ."

ಅಂದಿನಿಂದ ಕಚೇರಿಯಲ್ಲಿ ಒಂದೇ ಫೈಲು. ಪುಟ್ಟಿಯಿಂದಾಗಿ ಅರ್ಧ ಕೆಲಸ ಉಳಿಯಿತೆಂದು ಮೇಷ್ಟ್ರು ಪಕ್ಕದ ಮೇಜಿನವರಿಗೂ ಹೇಳಿದರು. ಇನ್ನೂರ ನಲವತ್ತು ಹೆಂಗಸರ ವಿಷಯದಲ್ಲಿ ಸುಳ್ಳು ಹೇಳುವಷ್ಟು ಮರ್ಯಾದೆಯನ್ನೂ ಇನ್ನು ಯಾರೂ ಕೊಡಬೇಕಾಗಿರಲಿಲ್ಲ. ಅವರನ್ನು ಹಗಲಲ್ಲೇ, ಸಹಿ ಹಾಕಿ, ಬಾಗಿಲಿಗೆ ಅಡ್ಡ ಕೂರಿಸಬಹುದಿತ್ತು.

ಆ ಸಂಜೆ ಅಕ್ಕನಿಗೆ ಎಲ್ಲ ಹೇಳಿದಳು.

"ನನ್ನ ಕೇಳ್ದೆ ಕಳಿಸ್ದೆ."

"ಹೂಂ."

"ಅವ್ನು ಆಗಲ್ಲ ಅಂದಿದ್ರೆ ನನ್ ಕೆಲಸ ಹೋಗ್ತಿತ್ತು."

"ಹೂಂ."

ಅಕ್ಕ ಹೊಲಿಯುತ್ತಿದ್ದ ದಿಂಬನ್ನು ಪಕ್ಕಕ್ಕಿಟ್ಟಳು. ಆಮೇಲೆ, ಎಷ್ಟು ಜಾಗ ಅಂದೆ, ತೋರಿಸು ಎಂದಳು.

ಇಬ್ಬರೂ ಊಟದ ಮೇಜನ್ನು ಎಳೆದರು, ಗೋಡೆಯ ಕಡೆ ಬೆನ್ನು ಮಾಡಿ ಕುರ್ಚಿಗಳನ್ನಿಟ್ಟರು. ಅಕ್ಕ ತನ್ನ ಹೊಲಿಗೆಯ ಟೇಪಿನಲ್ಲೇ ಅಳೆದಳು. ನಲವತ್ತೈದು. ಕೂತಳು, ಎದ್ದಳು, ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಸರಿದು ಆಚೆ ತುದಿ ಮುಟ್ಟಿದಳು. ಆಗುತ್ತದೆ ಎಂದಳು. ಇನ್ನೊಮ್ಮೆ ಹೋದಳು, ಈ ಸಲ ಬೇಗ. ಅದೂ ಆಯಿತು.

"ಈಗ ನೀನು ಆ ಕಡೆಯಿಂದ ಬಾ. ಒಬ್ಳೇ ಓಡ್ತೀನಾ ನಾನು?"

ಪುಟ್ಟಿ ಬಂದಳು. ನಡುವೆ ಇಬ್ಬರೂ ಸಿಕ್ಕಿಕೊಂಡರು. ಅಕ್ಕನ ಕನ್ನಡಕ ಅವಳ ಕೆನ್ನೆಗೆ ಒತ್ತುತ್ತಿತ್ತು. ಅಕ್ಕನ ಉಸಿರು ಬಿಸಿಯಾಗಿ ಕುತ್ತಿಗೆಗೆ ತಾಗುತ್ತಿತ್ತು. ನೂಕಿ ನೋಡಿದರು. ಕುರ್ಚಿ ಮೇಜಿಗೆ ಒತ್ತಿ ನಿಂತಿತ್ತು, ಅಲುಗಲಿಲ್ಲ.

"ಮೊಹರಿರೋ ಹಾಳೆ ಒಂದು ಪ್ರತಿ ತಂದ್ಕೊಡು," ಅಂದಳು ಅಕ್ಕ, ಇದ್ದಲ್ಲಿಂದಲೇ. "ಊಟಕ್ಕೆ ಬಿಟ್ಟಾಗ ಎಲ್ರ ಮುಂದೆ ಹರಡ್ತೀನಿ. ಪಟ್ಟೀಲಿ ಮೊದಲಿರೋರ್ಗೂ ಗೊತ್ತಾಗ್ಲಿ."

"ನಿನ್ನ ತೆಗೆದ್ಹಾಕ್ತಾರೆ."

"ತೆಗೀತಾರೆ. ನಿನ್ನೂ."

ಪುಟ್ಟಿ ಸರಿ ಅಂದಳು. ದನಿ ಬೇರೆ ಯಾರದೋ ಅನ್ನಿಸಿತು. ಅಲ್ಲಿಂದ ಹೊರಬರಲು ಇಬ್ಬರಲ್ಲಿ ಒಬ್ಬಳು ಹಿಂದಕ್ಕೆ ನಡೆಯಬೇಕಾಗಿತ್ತು. ಪುಟ್ಟಿ ಗೋಡೆಗೆ ಅಂಗೈ ಊರಿ, ಒಂದೊಂದೇ ಹೆಜ್ಜೆ ಹಿಂದೆ ಇಡತೊಡಗಿದಳು.